ಅಡಿಕೆ ವ್ಯಾಪಾರಕ್ಕೆ ಬಂದವರು ನೋಡದೆ ಹೋಗುವ ಚನ್ನಗಿರಿ ಸೀಮೆ



ಜಪಾನಿನ ಕನಜಾವಾದಂಥ ನಗರಗಳು ಸಭೆಗೆ ಬಂದವರಿಗೆ ತಮ್ಮ ಹಳೆಯ ಉದ್ಯಾನ, ಕೋಟೆಗಳನ್ನೂ ತೋರಿಸಿ ಕಳಿಸುತ್ತವೆ. ನಮ್ಮ ಚನ್ನಗಿರಿಗೂ ವ್ಯಾಪಾರಕ್ಕೆ ಬರುವವರು ಕಡಿಮೆಯೇನಿಲ್ಲ. ಇಲ್ಲಿನ ತುಮ್‌ಕೋಸ್ ಸಹಕಾರ ಸಂಘದ ಅಡಿಕೆ ಟೆಂಡರ್ ಮೇಲೆ ನಾಡಿನ ಬೆಳೆಗಾರರೆಲ್ಲ ಕಣ್ಣಿಟ್ಟಿರುತ್ತಾರೆ. ಆದರೆ ದರ ಕೇಳಿ ಮರಳುವವರೇ ಹೆಚ್ಚು.

ಅವರು ಅರ್ಧ ದಿನ ಉಳಿದರೂ ಸಂತೇಬೆನ್ನೂರಿನ ಪುಷ್ಕರಣಿ ನೋಡಬಹುದು. 16ನೇ ಶತಮಾನದಲ್ಲಿ ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ ಈ ಕೊಳದ ನಡುವೆ ವಸಂತ ಮಂಟಪ ನಿಂತಿದೆ. ದಂಡೆಯಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಹೆಸರಿನೊಂದಿಗೆ ಬೆಸೆದ ಮುಸಾಫಿರ್‌ಖಾನೆಯಿದೆ. ಹಿಂದೂ ಮತ್ತು ಇಸ್ಲಾಮಿ ಶೈಲಿಗಳು ಇಷ್ಟು ಹತ್ತಿರ ನಿಂತ ತಾಣ ಜಿಲ್ಲೆಯಲ್ಲಿ ಬೇರೊಂದಿಲ್ಲವೆಂದೇ ನನ್ನ ಭಾವನೆ.

ಇನ್ನು ಸೂಳೆಕೆರೆ, ಅಂದರೆ ಶಾಂತಿಸಾಗರ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಶತಮಾನಗಳ ಹಿಂದೆ ಕಟ್ಟಿದ ಈ ಕೆರೆ ಇಂದಿಗೂ ಗದ್ದೆ, ತೋಟಗಳಿಗೆ ನೀರುಣಿಸುತ್ತದೆ. ಚಿತ್ರದುರ್ಗದವರಿಗೂ ಇದರ ನೀರೇ. ಇದನ್ನು ಕಾಣದೆ ಹೋಗುವುದು ನಿಜಕ್ಕೂ ನಷ್ಟ.

ಪಕ್ಕದ ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯಿದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರುವರಿಯ ಜಯಂತಿಗೆ ಹೊರರಾಜ್ಯಗಳಿಂದಲೂ ಬಂಜಾರರು ಬರುತ್ತಾರೆ.

ಜಿಲ್ಲೆಯ ಇನ್ನೊಂದು ತುದಿಯ ಜಗಳೂರಿನಲ್ಲಿ ರಂಗಯ್ಯನದುರ್ಗ ಅಭಯಾರಣ್ಯವಿದೆ. 2011ರಲ್ಲಿ ಘೋಷಣೆಯಾದ ಈ ಕುರುಚಲು ಕಾಡು ಕೊಂಡುಕುರಿಗಳ ಆಸರೆ. ಗಂಡಿನ ತಲೆಯಲ್ಲಿ ನಾಲ್ಕು ಕೊಂಬು! ಬಹಳ ನಾಚಿಕೆಯ ಪ್ರಾಣಿ, ಸದ್ದು ಮಾಡದೆ ಕಾಯಬೇಕು.