ನೋವಿಲ್ಲದ ಗಂಟು



ಚಿಕಲಠಾಣಾದ ಕಾರ್ಖಾನೆಗಳಿಗೆ ಕೆಲಸಕ್ಕೆಂದು ಬಂದ ನಮ್ಮವರ ಮನೆಗಳಲ್ಲಿ ಹುಟ್ಟಿ ಬೆಳೆದವರು ನೀವು. ಮರಾಠಿ ನಿಮಗೆ ನೀರು ಕುಡಿದಷ್ಟು ಸುಲಭ. ನಿಮ್ಮ ತಾಯಂದಿರಲ್ಲಿ ಅನೇಕರಿಗೆ ಇಂದಿಗೂ ತರಕಾರಿ ಕೊಳ್ಳುವಷ್ಟೇ ಮರಾಠಿ. ಹೀಗಾಗಿ ಬ್ಯಾಂಕು, ರೇಷನ್ ಕಚೇರಿ, ದವಾಖಾನೆ ಎಲ್ಲ ಕಡೆಯೂ ನೀವೇ ಅವರ ಬಾಯಿ. ಆ ತಾಯಂದಿರು ನಿಮ್ಮ ಮುಂದೆಯೂ ಬಾಯಿಬಿಡದ ಒಂದು ವಿಷಯ ಹೇಳುತ್ತೇನೆ, ಬೇಸರಿಸದೆ ಓದಿ.

ಕಲಬುರಗಿ ಕಡೆಯ ನನ್ನ ಗೆಳತಿಯೊಬ್ಬಳಿಗೆ ಸ್ನಾನ ಮಾಡುವಾಗ ಸ್ತನದಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ತಾಕಿತು. ನೋವಿರಲಿಲ್ಲ. "ನೋವಿಲ್ಲಂದ್ರ ಏನೂ ಇಲ್ಲ" ಎಂದು ಸುಮ್ಮನಾದಳು. ಶ್ರಾವಣ ಮುಗಿಯಿತು, ದೀಪಾವಳಿ ಬಂತು, ಮಗಳ ಹತ್ತನೆಯ ಪರೀಕ್ಷೆಯೂ ಆಯಿತು. ಕೊನೆಗೆ ಮಗನನ್ನು ಕರೆದುಕೊಂಡು ದವಾಖಾನೆಗೆ ಹೋದಳು. ಹದಿನೇಳರ ಹುಡುಗನ ಮುಂದೆ ಹೇಗೆ ಹೇಳಿಯಾಳು? "ಎದ್ಯಾಗ ತ್ರಾಸ ಐತಿ" ಎಂದಳು. ಅವನು ಮರಾಠಿಯಲ್ಲಿ 'ಛಾತಿ' ಎಂದ. ಇಸಿಜಿ ತೆಗೆದು, ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು! ಇನ್ನೂ ನಾಲ್ಕು ತಿಂಗಳು ಹೋದವು. ಅಷ್ಟರಲ್ಲಿ ಗಂಟು ನಿಂಬೆಹಣ್ಣಿನಷ್ಟಾಗಿ, ಕಂಕುಳಲ್ಲೂ ಗಡ್ಡೆ ಕಾಣಿಸಿತ್ತು.

ಹುಡುಗನದು ತಪ್ಪೆನ್ನಲೇ? ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನಾನೇ 'ಸ್ತನ' ಎಂಬ ಪದವನ್ನು ಗಟ್ಟಿಯಾಗಿ ಆಡಿದ್ದು ಐವತ್ತು ದಾಟಿದ ಮೇಲೆ.

ಈ ಕ್ಯಾನ್ಸರ್ ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಜ್ವರ ಬಂದರೆ ಓಡುವ ನಾವು ನೋಯದ ಗಂಟನ್ನು ಸೆರಗಿನಡಿ ಮುಚ್ಚಿಡುತ್ತೇವೆ. ಜೊತೆಗೆ ಸೂಜಿ ಚುಚ್ಚಿ ಪರೀಕ್ಷಿಸಿದರೆ ರೋಗ ಹರಡುತ್ತದೆಂಬ ಸುಳ್ಳು ಭಯ, ಮಗಳ ಮದುವೆಗೆ ಅಡ್ಡಿಯಾದೀತೆಂಬ ಚಿಂತೆ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ. ಆದರೆ ಅದನ್ನು ಹೇಳಬೇಕಾದವರು ಡಾಕ್ಟರು, ಪಕ್ಕದ ಮನೆಯವರಲ್ಲ.

ದುಡ್ಡಿನ ಮಾತೂ ಇದೆ. ನಮ್ಮ ಛತ್ರಪತಿ ಸಂಭಾಜಿನಗರದಲ್ಲೇ (ನನ್ನ ನಾಲಿಗೆಗೆ ಇನ್ನೂ ಔರಂಗಾಬಾದೇ) 2012ರಿಂದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಿದೆ. ರಾಜ್ಯದ ಮಹಾತ್ಮ ಜ್ಯೋತಿರಾವ್ ಫುಲೆ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಅರ್ಜಿ, ಕಾಗದಪತ್ರ ಓಡಾಡಿಸುವುದು ನಿಮ್ಮಂಥ ಓದಿದ ಮಕ್ಕಳಿಗೆ ದೊಡ್ಡದಲ್ಲ.

ಮುಂಬಯಿಯ ಟಾಟಾ ಆಸ್ಪತ್ರೆಯವರು 1998ರಲ್ಲಿ ಒಂದೂವರೆ ಲಕ್ಷ ಮಹಿಳೆಯರನ್ನು ಸೇರಿಸಿಕೊಂಡು ಒಂದು ಅಧ್ಯಯನ ಆರಂಭಿಸಿದರು. ಅವರಲ್ಲಿ ಅರ್ಧದಷ್ಟು ಜನರನ್ನು ತರಬೇತಿ ಪಡೆದ ಹೆಂಗಸರು ಎರಡು ವರ್ಷಕ್ಕೊಮ್ಮೆ, ಯಂತ್ರವಿಲ್ಲದೆ, ಬರಿಗೈಯಿಂದ ಪರೀಕ್ಷಿಸಿದರು. ರೋಗ ಬೇಗ ಪತ್ತೆಯಾಗತೊಡಗಿತು. 2021ರಲ್ಲಿ ಫಲಿತಾಂಶ ಪ್ರಕಟವಾದಾಗ, ಐವತ್ತು ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇಕಡಾ 30ರಷ್ಟು ಇಳಿದಿತ್ತು. ಹೆಂಗಸರ ಮುಂದೆ ಹೆಂಗಸರು ಸಂಕೋಚವಿಲ್ಲದೆ ಮಾತಾಡಿದ್ದೂ ಅದಕ್ಕೊಂದು ಕಾರಣವೆಂದು ನನಗನಿಸುತ್ತದೆ.

ನನ್ನ ಗೆಳತಿ ಕೀಮೋ, ಆಪರೇಷನ್ ಎಲ್ಲ ಮುಗಿಸಿ ಈಗ ತಪಾಸಣೆಗೆ ಹೋಗುತ್ತಿದ್ದಾಳೆ. ಜೊತೆಗೆ ಮಗಳು ಹೋಗುತ್ತಾಳೆ.

ಈ ಭಾನುವಾರ ಅಡುಗೆಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಾಗ ಕೇಳಿನೋಡಿ, ಹುಡುಗಿಯರೇ. ಗಂಟು, ತೊಟ್ಟಿನಿಂದ ರಕ್ತ, ಚರ್ಮದಲ್ಲಿ ಗುಳಿ ಏನಾದರೂ ಇದೆಯೇ ಎಂದು ಬಿಡಿಸಿ ಕೇಳಿ. ಹುಡುಗರೇ, ನಿಮ್ಮ ಮುಂದೆ ಅಮ್ಮ ಹೇಳದಿದ್ದರೆ ಸಂಘದ ನಮ್ಮಲ್ಲಿ ಯಾರಿಗಾದರೂ ತಿಳಿಸಿ. ಡಾಕ್ಟರ ಬಳಿ ನಾವು ಜೊತೆಗೆ ಬರುತ್ತೇವೆ. ಈಗ ನನಗೆ ಆ ಪದ ಮರಾಠಿಯಲ್ಲೂ ಹೇಳಲು ಬರುತ್ತದೆ.