ಹಳೆಯ ಕಾರು, ಹೊಸ ದುಃಖ

ತಾಯಿ ತೀರಿಕೊಂಡ ಮೇಲೆ, ಸೇನೆಯಿಂದ ನಿವೃತ್ತರಾದ ನಿಮ್ಮ ತಂದೆಯವರು ದಿನವಿಡೀ ಹಳೆಯ ಅಂಬಾಸಿಡರ್ ಕಾರನ್ನು ಬಿಚ್ಚಿಕೊಂಡು ಕೂತಿರುತ್ತಾರೆಯೇ? 'ಅಪ್ಪನಿಗೆ ದುಃಖವೇ ಇಲ್ಲ ಡಾಕ್ಟ್ರೇ' ಎಂದು ದೂರಬೇಡಿ. ಅಳು ನುಂಗುವುದು ಸೈನಿಕರಿಗೆ ರೂಢಿ.

ಅಗಲಿದವರನ್ನು ನೆನೆದು ಕೊರಗುವುದು, ಆಗಾಗ ಅದನ್ನು ಬದಿಗಿಟ್ಟು ಕೆಲಸಕ್ಕಿಳಿಯುವುದು, ಇವೆರಡರ ನಡುವೆ ಓಲಾಡುತ್ತಲೇ ಮನಸ್ಸು ಚೇತರಿಸಿಕೊಳ್ಳುತ್ತದೆ ಎಂದು ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ 1999ರಲ್ಲಿ ವಿವರಿಸಿದರು. ಕಾರ್ಬ್ಯುರೇಟರ್ ತೊಳೆಯುವುದು, ತುಕ್ಕು ಉಜ್ಜುವುದು ಮನಸ್ಸಿಗೆ ಅಂಥ ಬಿಡುವು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಬಿಡಿಭಾಗಕ್ಕಾಗಿ ಗುಜರಿ ಅಂಗಡಿ ಅಲೆದರೆ ನಾಲ್ಕು ಜನರ ಮುಖ ನೋಡಿದಂತೆಯೂ ಆಯಿತು. ನೀವು ಪಕ್ಕದಲ್ಲಿ ಕೂತು ಸ್ಪ್ಯಾನರ್ ಎತ್ತಿಕೊಡಿ. ಅಮ್ಮನ ಮಾತು ತಾನಾಗಿ ಬರಬಹುದು.

ಆದರೆ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಲೇಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ; ತಲೆಸುತ್ತು ಬಂದಾಗ ಎದ್ದು ಹೊರಬರುವ ಶಕ್ತಿಯೂ ಇರದು. ಹಳೆಯ ಬ್ರೇಕಿನ ಧೂಳಿನಲ್ಲಿ ಕಲ್ನಾರು ಇರಬಹುದು. ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪದಿರಲಿ. ಸಂಗಾತಿ ಅಗಲಿದ ಮೊದಲ ವಾರಗಳಲ್ಲಿ ಹೃದಯಾಘಾತದ ಅಪಾಯ ಹೆಚ್ಚು. ಇನ್ನು, ಕ್ಯಾಂಟೀನಿನ ರಮ್ ನಿದ್ದೆಯ ಔಷಧವಲ್ಲ. ಮಿಲಿಟರಿಯವರಿಗೆ ಇದನ್ನು ಒಪ್ಪಿಸುವುದು ಕಷ್ಟ, ಬಲ್ಲೆ.

ಆರು ತಿಂಗಳು ಕಳೆದರೂ ಕೊರಗು ಒಂದಿಷ್ಟೂ ಸಡಿಲದೆ, ಊಟ, ನಿದ್ದೆ, ಕೊನೆಗೆ ಕಾರೂ ಬೇಡವಾದರೆ ಮನೋವೈದ್ಯರಿಗೆ ತೋರಿಸಿ. 'ನಾನೂ ಹೋಗಿಬಿಡಬೇಕು' ಎಂಬ ಮಾತು ಕೇಳಿದರೆ ಮಾತ್ರ ಒಂದು ದಿನವೂ ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕೂಡಲೇ ಫೋನ್ ಮಾಡಿ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.