ಟೋರಿಕ್ ಮಸೂರ ತಿರುಗಿದರೇನಾಗುತ್ತದೆ?

ದೊಡ್ಡಬಳ್ಳಾಪುರದ ಮಗ್ಗವೊಂದರ ಮುಂದೆ ನಿಂತಿದ್ದೀರೆಂದು ಭಾವಿಸಿ. ಹಾಸಿನ ಎಳೆಗಳು ಸ್ಪಷ್ಟವಾಗಿದ್ದು ಹೊಕ್ಕಿನವು ಮಾತ್ರ ಮಸುಕಾಗಿ ಕಂಡರೆ ನಿಮ್ಮ ಕಣ್ಣಿನಲ್ಲಿ ಅಸ್ಟಿಗ್ಮ್ಯಾಟಿಸಂ ಇರಬಹುದು. ಕಾರ್ನಿಯಾ ಎಲ್ಲ ದಿಕ್ಕಿನಲ್ಲೂ ಸಮನಾಗಿ ಬಾಗಿರದೆ, ಅಡ್ಡ ಮಲಗಿಸಿದ ಮೊಟ್ಟೆಯ ಮೈಯಂತೆ ಒಂದು ದಿಕ್ಕಿನಲ್ಲಿ ಹೆಚ್ಚು ಬಾಗಿರುವುದೇ ಇದಕ್ಕೆ ಸಾಮಾನ್ಯ ಕಾರಣ.

ಪೊರೆ ಬಂದ ಕಣ್ಣಿಗೆ ಕೃತಕ ಮಸೂರವಿಡುವುದನ್ನು 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಆರಂಭಿಸಿದರು. ಸಾಮಾನ್ಯ ಕೃತಕ ಮಸೂರದಿಂದ ಕಾರ್ನಿಯಾದ ದೋಷ ಹೋಗದು. ಟೋರಿಕ್ ಮಸೂರದ ಸಾಮರ್ಥ್ಯವಾದರೋ ಎರಡು ದಿಕ್ಕುಗಳಲ್ಲಿ ಬೇರೆಬೇರೆ. ಕಾರ್ನಿಯಾದ ಹೆಚ್ಚನ್ನು ಇದರ ಕಡಿಮೆ ಸರಿದೂಗಿಸುತ್ತದೆ. ಜಪಾನಿನ ಕಿಮಿಯಾ ಶಿಮಿಜು ಮತ್ತು ಸಂಗಡಿಗರು ಇಂಥ ಮಸೂರಗಳ ಫಲಿತಾಂಶವನ್ನು 1994ರಲ್ಲಿ ಪ್ರಕಟಿಸಿದರು.

ಇಲ್ಲಿ ಅಕ್ಷವೇ ಮುಖ್ಯ. ದೋಷವನ್ನು ಪೂರ್ತಿ ಸರಿಪಡಿಸಬಲ್ಲ ಮಸೂರ θ ಕೋನದಷ್ಟು ತಿರುಗಿ ಕುಳಿತರೆ, ಮೂಲದೋಷದ 2 sin θ ಪಾಲು ಉಳಿಯುತ್ತದೆ. 2 ಡಯಾಪ್ಟರ್ ದೋಷವಿದ್ದು ಮಸೂರ 10° ತಿರುಗಿದರೆ ಉಳಿಯುವುದು ಸುಮಾರು 0.7 ಡಯಾಪ್ಟರ್. 30° ಆದರೆ? sin 30° ಅರ್ಧವಲ್ಲವೆ! ದೋಷದ ದಿಕ್ಕು ಬದಲಾಗುತ್ತದೆ, ಪ್ರಮಾಣ ಮೊದಲಿನಷ್ಟೇ. ಹೆಚ್ಚು ಹಣ ತೆತ್ತರೂ ಕನ್ನಡಕ ತಪ್ಪದು.

ಮಲಗಿದಾಗ ಕಣ್ಣುಗುಡ್ಡೆ ತನ್ನ ಅಕ್ಷದ ಸುತ್ತ ಕೆಲವು ಡಿಗ್ರಿ ಹೊರಳಬಹುದು. ಆದ್ದರಿಂದಲೇ ಶಸ್ತ್ರಕ್ರಿಯೆಗೆ ಮೊದಲು ರೋಗಿಯನ್ನು ನೆಟ್ಟಗೆ ಕೂರಿಸಿ ಕಣ್ಣಿನ ಮೇಲೆ ಗುರುತು ಹಾಕುವ ಪದ್ಧತಿ. ಹಳೆಯ ಕನ್ನಡಕದ ಸಿಲಿಂಡರ್ ಸಂಖ್ಯೆಯನ್ನು ನೆಚ್ಚುವಂತಿಲ್ಲ. ತೆಗೆದುಹಾಕುವ ಮಸೂರದ ಪಾಲೂ ಅದರಲ್ಲಿ ಸೇರಿರುತ್ತದೆ, ಕಾರ್ನಿಯಾವನ್ನೇ ಅಳೆಯಬೇಕು.

ತರಗತಿಯಲ್ಲಿ ಇದನ್ನು ತೋರಿಸಬಹುದು. ಕನ್ನಡಕದಂಗಡಿಯಿಂದ +2 ಮತ್ತು −2 ಸಿಲಿಂಡರ್ ಮಸೂರಗಳನ್ನು ಎರವಲು ತಂದು, ಅಕ್ಷ ಹೊಂದಿಸಿ ಜೋಡಿಸಿ, ಗ್ರಾಫ್ ಹಾಳೆಯನ್ನು ನೋಡಿ. ಬಳಿಕ ಒಂದನ್ನು ಮೆಲ್ಲಗೆ ತಿರುಗಿಸಿ.